ಬುಂಡೆಸ್‌ಲಿಗಾ 2023-24: ಗ್ಯಾಲರಿಯಲ್ಲಿ ನಿಂತು ನೋಡಿದವರಿಗೆ ಈ ಸೀಸನ್‌ ಏನು ಕೊಟ್ಟಿತು

ಜರ್ಮನಿಯ ಅಗ್ರ ದರ್ಜೆಯ ಫುಟ್‌ಬಾಲ್‌ ಲೀಗ್‌ ಬುಂಡೆಸ್‌ಲಿಗಾದ ಟಿಕೆಟ್‌ ಅಗ್ಗ, ಕೈಗೆ ಸಿಗುವುದು ಮಾತ್ರ ಕಷ್ಟ. 2023-24ರ ಸೀಸನ್ನನ್ನು ಕ್ರೀಡಾಂಗಣಕ್ಕೇ ಹೋಗಿ ನೋಡಬೇಕೆಂದು ಹೊರಟವರಿಗೆ ಮೊದಲು ಅರಿವಾಗುತ್ತಿದ್ದದ್ದು ಇದು. ಜರ್ಮನಿಯ ಕ್ಲಬ್ಬುಗಳ ವ್ಯವಸ್ಥೆ ನಿಂತಿರುವುದೇ ಸದಸ್ಯರ ಮೇಲೆ. ದರ ಕಡಿಮೆ ಇರುವುದೂ ಅದರಿಂದಲೇ, ಹೊರಗಿನಿಂದ ಬಂದವರಿಗೆ ಬಾಗಿಲು ಅರ್ಧ ಮುಚ್ಚಿರುವುದೂ ಅದರಿಂದಲೇ. ಆ ಚಳಿಗಾಲದಲ್ಲಿ ಅಭಿಮಾನಿಗಳ ಪ್ರತಿಭಟನೆಯಾಗಿ ಅಂಕಣದ ಮೇಲೆ ಟೆನಿಸ್‌ ಚೆಂಡುಗಳು ಸುರಿದದ್ದಕ್ಕೂ ಬೇರು ಅಲ್ಲೇ ಇದೆ. ಹಾಗಾಗಿ ಈ ಸೀಸನ್ನಿನ ವಿಮರ್ಶೆ ಎಂದರೆ ಗೋಲುಗಳ ಲೆಕ್ಕದ ಜೊತೆಗೆ ಟಿಕೆಟ್‌, ರೈಲು, ಗೇಟು, ಬಿಯರ್‌ ಲೋಟ ಎಲ್ಲದರ ವಿಮರ್ಶೆಯೂ ಆಗಬೇಕು.

ಮೊದಲು ಅಳತೆ ನೋಡೋಣ. 18 ಕ್ಲಬ್ಬು, 34 ಸುತ್ತು, 306 ಪಂದ್ಯ. 2023ರ ಆಗಸ್ಟ್‌ 18ರಂದು ಬ್ರೆಮೆನ್‌ನಲ್ಲಿ ಬಯರ್ನ್‌ ಮ್ಯೂನಿಕ್‌ 4-0 ಗೆದ್ದು ಶುರುವಾದದ್ದು 2024ರ ಮೇ 18ಕ್ಕೆ ಮುಗಿಯಿತು. ನಡುವೆ ಡಿಸೆಂಬರ್‌ 20ರಿಂದ ಜನವರಿ 12ರವರೆಗೆ ಚಳಿಗಾಲದ ಬಿಡುವು. ಸೀಸನ್‌ ಟಿಕೆಟ್‌ ಕೊಂಡವರಿಗೆ, ಅಲ್ಲಿನ ಮಾತಿನಲ್ಲಿ ಡೌವರ್‌ಕಾರ್ಟೆ ಇರುವವರಿಗೆ, ತವರಿನ 17 ಲೀಗ್‌ ಪಂದ್ಯ. ಕಪ್‌ ಪಂದ್ಯ, ಯುರೋಪಿನ ಪಂದ್ಯಗಳು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ.

ದರ ಹೇಳುವುದಾದರೆ, ನಿಂತು ನೋಡುವ ಜಾಗದ ಬಿಡಿ ಟಿಕೆಟ್‌ ಹೆಚ್ಚಿನ ಕಡೆ 12ರಿಂದ 20 ಯೂರೋ ಒಳಗೆ ಇತ್ತು. ಅದೇ ಜಾಗದ ಸೀಸನ್‌ ಟಿಕೆಟ್‌ ಬಹುತೇಕ ಕ್ಲಬ್ಬುಗಳಲ್ಲಿ 250 ಯೂರೋ ಮುಟ್ಟುತ್ತಿರಲಿಲ್ಲ. ಕೂತು ನೋಡುವ ಸೀಟಿಗೆ ಬಂದರೆ ಲೆಕ್ಕ ಬೇರೆ: ಮೂಲೆಯ ಸೀಟಿಗೂ ನಡುಗೆರೆಯ ಎದುರಿನ ಸೀಟಿಗೂ ಎರಡು-ಮೂರು ಪಟ್ಟು ವ್ಯತ್ಯಾಸ. ಬಯರ್ನ್‌ ಅಥವಾ ಡಾರ್ಟ್‌ಮಂಡ್‌ ಎದುರಾಳಿಯಾಗಿ ಬಂದ ದಿನ ಅನೇಕ ಕ್ಲಬ್ಬುಗಳು ದರದ ಮೇಲೆ ಹೆಚ್ಚುವರಿ ಹಾಕುತ್ತವೆ. ದರಪಟ್ಟಿಯಲ್ಲಿ ಪಂದ್ಯಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರೆ ಅದು ಇದೇ. ಆಟ ನೋಡುವುದೇ ಮುಖ್ಯ, ಎದುರಾಳಿ ಯಾರಾದರೂ ಆದೀತು ಎನ್ನುವವರು ಕೆಳಗಿನ ದರ್ಜೆಯ ಪಂದ್ಯ ಆರಿಸಿಕೊಂಡರೆ ಟಿಕೆಟ್‌ ಸಿಗುವ ಸಾಧ್ಯತೆಯೂ ಜಾಸ್ತಿ, ಖರ್ಚೂ ಕಡಿಮೆ.

ಇಷ್ಟು ಕಡಿಮೆ ದರ ಹೇಗೆ ಸಾಧ್ಯ ಎಂದರೆ ಎರಡು ಕಾರಣ ಎದ್ದು ಕಾಣುತ್ತವೆ. ಒಂದು, ಜರ್ಮನ್‌ ಕ್ರೀಡಾಂಗಣಗಳು ನಿಂತು ನೋಡುವ ಗ್ಯಾಲರಿಯನ್ನು ಉಳಿಸಿಕೊಂಡಿವೆ, ಸೀಟು ಹಾಕುವ ಜಾಗದಲ್ಲಿ ಹೆಚ್ಚು ಜನ ಹಿಡಿಸುತ್ತಾರೆ. ಡಾರ್ಟ್‌ಮಂಡ್‌ನ ದಕ್ಷಿಣ ಗ್ಯಾಲರಿಯೊಂದರಲ್ಲೇ ಹೆಚ್ಚುಕಡಿಮೆ 25 ಸಾವಿರ ಮಂದಿ ನಿಲ್ಲುತ್ತಾರೆ. ಎರಡನೆಯದು 50+1 ನಿಯಮ. 1998ರಿಂದ ಕ್ಲಬ್ಬುಗಳು ವೃತ್ತಿಪರ ತಂಡವನ್ನು ಕಂಪನಿಯಾಗಿ ನಡೆಸಬಹುದು, ಆದರೆ ಮತಗಳಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಮೂಲ ಕ್ಲಬ್ಬಿನ, ಅಂದರೆ ಸದಸ್ಯರ ಕೈಯಲ್ಲೇ ಇರಬೇಕು. ಟಿಕೆಟ್‌ ದರ ಎರಡು ಪಟ್ಟು ಮಾಡಿದ ಆಡಳಿತ ಮುಂದಿನ ಮಹಾಸಭೆಯಲ್ಲಿ ಆ ಸದಸ್ಯರ ಮುಂದೆಯೇ ನಿಲ್ಲಬೇಕಾಗುತ್ತದೆ. ಲೆವರ್ಕುಸೆನ್‌, ವುಲ್ಫ್ಸ್‌ಬರ್ಗ್‌ ತಂಡಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ, ಅವು ಬೇಯರ್‌ ಮತ್ತು ಫೋಕ್ಸ್‌ವ್ಯಾಗನ್‌ ಕಂಪನಿಗಳ ತಂಡಗಳು. ಲೈಪ್‌ಜಿಗ್‌ನಲ್ಲಿ ಮತದ ಹಕ್ಕಿರುವ ಸದಸ್ಯರೇ ಬೆರಳೆಣಿಕೆಯಷ್ಟು. ಇತರ ಕ್ಲಬ್ಬುಗಳ ಅಭಿಮಾನಿಗಳ ಸಿಟ್ಟಿಗೆ ಲೈಪ್‌ಜಿಗ್‌ ಗುರಿಯಾಗುವುದು ಇದಕ್ಕೇ.

ಈಗ ಕಷ್ಟದ ಭಾಗಕ್ಕೆ ಬರೋಣ. ಟಿಕೆಟ್‌ ಮಾರಾಟ ಹಂತಹಂತವಾಗಿ ನಡೆಯುತ್ತದೆ: ಮೊದಲು ಸೀಸನ್‌ ಟಿಕೆಟ್‌ನವರು, ಆಮೇಲೆ ಸದಸ್ಯರು, ಉಳಿದರೆ ಸಾರ್ವಜನಿಕರು. ಡಾರ್ಟ್‌ಮಂಡ್‌ನ ಲೆಕ್ಕ ಬಿಡಿಸಿ ನೋಡಿದರೆ ಎಷ್ಟು ಉಳಿಯುತ್ತದೆ ಎಂಬುದು ತಿಳಿಯುತ್ತದೆ. ಕ್ರೀಡಾಂಗಣದಲ್ಲಿ 81,365 ಜಾಗ. ಅದರಲ್ಲಿ 55,000 ಸೀಸನ್‌ ಟಿಕೆಟ್‌ಗೇ ಹೋಯಿತು. ಎದುರಾಳಿ ಅಭಿಮಾನಿಗಳಿಗೆ ನಿಯಮದಂತೆ ಶೇಕಡ 10, ಅಂದರೆ ಸುಮಾರು 8 ಸಾವಿರ. ಉಳಿದದ್ದು 18 ಸಾವಿರದ ಆಸುಪಾಸು. ಅದರಲ್ಲೇ ಪ್ರಾಯೋಜಕರು, ಅತಿಥಿಗಳು, ಲಕ್ಷಗಟ್ಟಲೆ ಸದಸ್ಯರು. ಮ್ಯೂನಿಕ್‌ನಲ್ಲಿ ಇನ್ನೂ ಬಿಗಿ: ಬಯರ್ನ್‌ಗೆ 3 ಲಕ್ಷಕ್ಕೂ ಹೆಚ್ಚು ಸದಸ್ಯರು, ಅರೀನಾದಲ್ಲಿ 75 ಸಾವಿರ ಜಾಗ. ಸದಸ್ಯರೇ ಅರ್ಜಿ ಹಾಕಿ ಲಾಟರಿಯಲ್ಲಿ ಹೆಸರು ಬರಲಿ ಎಂದು ಕಾಯುತ್ತಾರೆ.

ಹೊರಗಿನವರಿಗೆ ಉಳಿಯುವ ನಿಜವಾದ ದಾರಿ ಕ್ಲಬ್ಬಿನದೇ ಮರುಮಾರಾಟದ ಪುಟ, ಟ್ಸ್ವೈಟ್‌ಮಾರ್ಕ್ಟ್‌. ಪಂದ್ಯಕ್ಕೆ ಬರಲಾಗದ ಸೀಸನ್‌ ಟಿಕೆಟ್‌ನವರು ತಮ್ಮ ಜಾಗವನ್ನು ಅಲ್ಲಿ ಬಿಡುತ್ತಾರೆ. ಮೂಲ ದರಕ್ಕೆ ಸಣ್ಣದೊಂದು ಶುಲ್ಕ ಸೇರುತ್ತದೆ, ಅಷ್ಟೇ. ತಿಂಗಳ ಮೊದಲೇ ನೋಡಿ ಖಾಲಿ ಎಂದು ಕೈಬಿಡುವವರೇ ಹೆಚ್ಚು. ಅಲ್ಲಿ ಟಿಕೆಟ್‌ ಕಾಣಿಸಿಕೊಳ್ಳುವುದು ಕೊನೆಯ ಎರಡು-ಮೂರು ದಿನ, ಅದರಲ್ಲೂ ಪಂದ್ಯದ ಹಿಂದಿನ ಸಂಜೆ ಮತ್ತು ಆ ದಿನದ ಬೆಳಿಗ್ಗೆ. ಖಾತೆ ತೆರೆದು, ವಿಳಾಸ ತುಂಬಿ, ಕಾರ್ಡ್‌ ವಿವರ ಸೇರಿಸಿ ಮೊದಲೇ ಸಿದ್ಧವಾಗಿರಬೇಕು. ಟಿಕೆಟ್‌ ಕಂಡ ಮೇಲೆ ಖಾತೆ ತೆರೆಯಲು ಹೋದರೆ ಅಷ್ಟರಲ್ಲಿ ಅದು ಬೇರೆಯವರ ಪಾಲಾಗಿರುತ್ತದೆ. ಇಬ್ಬರಿಗೆ ಅಕ್ಕಪಕ್ಕದ ಸೀಟೇ ಬೇಕೆಂದು ಹಟ ಹಿಡಿದರೆ ಎರಡೂ ಹೋಗುತ್ತವೆ. ನಿಂತು ನೋಡುವ ಬ್ಲಾಕಿನಲ್ಲಾದರೆ ಆ ಸಮಸ್ಯೆಯೇ ಇಲ್ಲ. ಬ್ಲಾಕ್‌ ಒಂದೇ ಆಗಿದ್ದರೆ ಸಾಕು, ಒಳಗೆ ಜೊತೆಗೇ ನಿಲ್ಲಬಹುದು. ಮೂರು-ನಾಲ್ಕು ಪಟ್ಟು ಬೆಲೆಗೆ ಮಾರುವ ಬೇರೆ ತಾಣಗಳಿಂದ ಕೊಳ್ಳುವುದು ಅಪಾಯ: ಕ್ಲಬ್ಬಿಗೆ ಗೊತ್ತಾದರೆ ಆ ಕ್ಯೂಆರ್‌ ಸಂಕೇತವನ್ನೇ ನಿಷ್ಕ್ರಿಯಗೊಳಿಸುತ್ತದೆ, ಗೇಟಿನಲ್ಲಿ ಕೆಂಪು ದೀಪ ಹತ್ತಿದ ಮೇಲೆ ವಾದಕ್ಕೆ ಅವಕಾಶವಿಲ್ಲ.

ಸದಸ್ಯತ್ವ ಇಲ್ಲದೆ ಸಾರ್ವಜನಿಕ ಮಾರಾಟದಲ್ಲೇ ಟಿಕೆಟ್‌ ಸಿಗುವ ಸಾಧ್ಯತೆ ಹಾಫೆನ್‌ಹೈಮ್‌, ವುಲ್ಫ್ಸ್‌ಬರ್ಗ್‌, ಔಗ್ಸ್‌ಬರ್ಗ್‌, ಮೈಂಜ್‌ ಕಡೆ ಹೆಚ್ಚು. ವುಲ್ಫ್ಸ್‌ಬರ್ಗ್‌ನಲ್ಲಿ ಮುಖ್ಯ ರೈಲು ನಿಲ್ದಾಣದಿಂದ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ಮೊದಲ ಸಲ ಹೋಗುವವರಿಗೆ ಇಂಥ ಜಾಗದಿಂದ ಶುರು ಮಾಡುವುದೇ ಜಾಣತನ. ಆ ಸೀಸನ್ನಿನಲ್ಲಿ ಮೊದಲ ಬಾರಿ ಮೇಲಿನ ದರ್ಜೆಗೆ ಬಂದ ಹೈಡೆನ್‌ಹೈಮ್‌ ಮಾತ್ರ ಇದಕ್ಕೆ ತದ್ವಿರುದ್ಧ. 50 ಸಾವಿರ ಜನರ ಊರು, 15 ಸಾವಿರ ಜಾಗದ ಗುಡ್ಡದ ಮೇಲಿನ ಕ್ರೀಡಾಂಗಣ, 2007ರಿಂದ ಒಬ್ಬರೇ ತರಬೇತುದಾರ ಫ್ರಾಂಕ್‌ ಶ್ಮಿಟ್‌. ಊರಿಗೆ ಊರೇ ಬಾಗಿಲಲ್ಲಿ ನಿಂತಿತ್ತು. ನಿಲ್ದಾಣದಿಂದ ಕ್ರೀಡಾಂಗಣಕ್ಕೆ ಏರುದಾರಿ, ಮೊಣಕಾಲು ನೋವಿನವರು ಬಸ್‌ ಹಿಡಿಯುವುದು ಒಳ್ಳೆಯದು.

ದಿನಾಂಕದ ವಿಷಯದಲ್ಲಿ ಎಡವುವವರು ಬಹಳ. ಬೇಸಿಗೆಯಲ್ಲಿ ಬರುವ ವೇಳಾಪಟ್ಟಿಯಲ್ಲಿ ಪ್ರತಿ ಸುತ್ತಿಗೆ ವಾರಾಂತ್ಯ ಮಾತ್ರ ಇರುತ್ತದೆ, ಯಾವ ಪಂದ್ಯ ಯಾವ ದಿನ ಎಂಬುದಿಲ್ಲ. ಲೀಗ್‌ ಸಂಸ್ಥೆ ಡಿಎಫ್‌ಎಲ್‌ ಕೆಲವು ಸುತ್ತುಗಳನ್ನು ಒಟ್ಟಿಗೆ ತೆಗೆದುಕೊಂಡು ವಾರಗಳ ಮೊದಲು ಸಮಯ ನಿಗದಿ ಮಾಡುತ್ತದೆ: ಶುಕ್ರವಾರ ರಾತ್ರಿ 8.30, ಶನಿವಾರ ಮಧ್ಯಾಹ್ನ 3.30 ಮತ್ತು ಸಂಜೆ 6.30, ಭಾನುವಾರ 3.30 ಮತ್ತು 5.30, ಕೆಲವೊಮ್ಮೆ 7.30. ಸಮಯ ಪ್ರಕಟವಾಗುವ ಮೊದಲೇ ಹೋಟೆಲ್‌ ಕಾದಿರಿಸಬೇಕಾದರೆ ಶುಕ್ರವಾರದಿಂದ ಸೋಮವಾರದವರೆಗೆ ಕಾದಿರಿಸಿ, ರದ್ದು ಮಾಡಬಹುದಾದದ್ದನ್ನೇ ಆರಿಸಿ. ಭಾನುವಾರ ರಾತ್ರಿ 7.30ರ ಪಂದ್ಯ ಮುಗಿಯುವುದು ಒಂಬತ್ತೂವರೆಗೆ. ಹೈಡೆನ್‌ಹೈಮ್‌, ಹಾಫೆನ್‌ಹೈಮ್‌ ತಂಡದ ಕ್ರೀಡಾಂಗಣ ಇರುವ ಸಿನ್ಸ್‌ಹೈಮ್‌ನಂಥ ಸಣ್ಣ ಊರಿನಿಂದ ಆ ಹೊತ್ತಿಗೆ ದೂರದ ರೈಲು ಸಿಗುವುದು ಕಷ್ಟ.

ರೈಲಿನ ಸೌಲಭ್ಯಕ್ಕೆ ಪೂರ್ಣ ಅಂಕ ಕೊಡಬೇಕು ಅನಿಸುತ್ತದೆ, ಒಂದೆರಡು ಷರತ್ತಿನೊಂದಿಗೆ. ಹೆಚ್ಚಿನ ಕ್ಲಬ್ಬುಗಳ ಟಿಕೆಟ್ಟೇ ಆ ದಿನದ ಸ್ಥಳೀಯ ಸಾರಿಗೆಯ ಟಿಕೆಟ್ಟೂ ಹೌದು. ಡಾರ್ಟ್‌ಮಂಡ್‌, ಲೆವರ್ಕುಸೆನ್‌, ಕಲೋನ್‌ನಲ್ಲಿ ಪಂದ್ಯದ ಟಿಕೆಟ್‌ ತೋರಿಸಿ ಟ್ರಾಮ್‌, ಮೆಟ್ರೊ, ಪ್ರಾದೇಶಿಕ ರೈಲು ಎಲ್ಲದರಲ್ಲೂ ಓಡಾಡಬಹುದು. ಯಾವ ವಲಯದವರೆಗೆ, ಎಷ್ಟು ಹೊತ್ತು ಎಂಬುದು ಟಿಕೆಟ್‌ ಮೇಲೇ ಇರುತ್ತದೆ. ಮ್ಯೂನಿಕ್‌ನಲ್ಲಿ ಈ ಸೌಲಭ್ಯ ಇರಲಿಲ್ಲ. ಯು6 ಮೆಟ್ರೊ ಹಿಡಿದು ಅರೀನಾದ ನಿಲ್ದಾಣ ಫ್ರೋಟ್‌ಮಾನಿಂಗ್‌ಗೆ ಹೋಗಲು ಬೇರೆ ಟಿಕೆಟ್‌ ಬೇಕಿತ್ತು, ಗೊತ್ತಿಲ್ಲದೆ ಹತ್ತಿದರೆ ದಂಡ 60 ಯೂರೋ. ಐಸಿಇ, ಐಸಿ ಎಂಬ ವೇಗದ ರೈಲುಗಳಿಗೆ ಪಂದ್ಯದ ಟಿಕೆಟ್‌ ಎಲ್ಲೂ ನಡೆಯುವುದಿಲ್ಲ. ಒಂದೇ ತಿಂಗಳಲ್ಲಿ ಮೂರ್ನಾಲ್ಕು ಊರು ಸುತ್ತುವವರಿಗೆ ಆಗ ತಿಂಗಳಿಗೆ 49 ಯೂರೋ ಇದ್ದ, ದೇಶದೆಲ್ಲೆಡೆಯ ಸ್ಥಳೀಯ ಸಾರಿಗೆ ಮತ್ತು ಪ್ರಾದೇಶಿಕ ರೈಲಿನ ಪಾಸ್‌ ಡಾಯ್ಚ್‌ಲಾಂಡ್‌ಟಿಕೆಟ್‌ ಲಾಭ. ಅದು ಚಂದಾ ಪದ್ಧತಿಯದು. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ.

ಆ ಚಳಿಗಾಲದಲ್ಲಿ ಇಷ್ಟು ಚೆಂದದ ವ್ಯವಸ್ಥೆಯೂ ಎರಡು ಕಡೆ ಮುಗ್ಗರಿಸಿತು. ಡಿಸೆಂಬರ್‌ 2ರಂದು ಮ್ಯೂನಿಕ್‌ನಲ್ಲಿ ಬಿದ್ದ ಹಿಮಕ್ಕೆ ಬಯರ್ನ್‌–ಯೂನಿಯನ್‌ ಬರ್ಲಿನ್‌ ಪಂದ್ಯ ಅದೇ ದಿನ ರದ್ದಾಯಿತು, ಆಡಿದ್ದು ಜನವರಿ 24ರಂದು, ವಾರದ ನಡುವೆ. ಜನವರಿಯಲ್ಲಿ ಮೈಂಜ್‌–ಯೂನಿಯನ್‌ ಪಂದ್ಯವೂ ಮಂಜುಗಡ್ಡೆಯ ಭಯಕ್ಕೆ ಮುಂದಕ್ಕೆ ಹೋಯಿತು. ಹೀಗಾದಾಗ ಪಂದ್ಯದ ಟಿಕೆಟ್‌ ಹೊಸ ದಿನಾಂಕಕ್ಕೆ ಸಲ್ಲುತ್ತದೆ. ಹೋಟೆಲು, ರೈಲಿನ ದುಡ್ಡು ಕ್ಲಬ್ಬಿನ ಹೊಣೆಯಲ್ಲ. ಅದರ ಮೇಲೆ ರೈಲು ಚಾಲಕರ ಸಂಘ ಜಿಡಿಎಲ್‌ನ ಮುಷ್ಕರಗಳು. ಜನವರಿ 24ರಿಂದ 29ರವರೆಗಿನ ಮುಷ್ಕರ ಇಡೀ ಒಂದು ಸುತ್ತಿನ ವಾರಾಂತ್ಯವನ್ನೇ ನುಂಗಿತು. ಅಂಥ ದಿನಗಳಲ್ಲಿ ನೆನಪಿಡಬೇಕಾದದ್ದು: ನಗರದ ಮೆಟ್ರೊ, ಟ್ರಾಮ್‌ಗಳು ಬೇರೆ ಸಂಸ್ಥೆಯವು, ಅವು ಓಡುತ್ತವೆ. ಎಸ್‌-ಬಾನ್‌ ಎಂಬ ಉಪನಗರ ರೈಲು ಬಹುತೇಕ ರಾಷ್ಟ್ರೀಯ ರೈಲು ಸಂಸ್ಥೆ ಡಾಯ್ಚ ಬಾನ್‌ನದು, ಅದು ನಿಲ್ಲುತ್ತದೆ. ದೂರಕ್ಕೆ ಬಸ್ಸೇ ಗತಿ. ನವೆಂಬರ್‌ನಿಂದ ಫೆಬ್ರವರಿವರೆಗಿನ ಪಂದ್ಯಕ್ಕೆ ಯೋಜನೆ ಹಾಕುವವರು ಎರಡನೇ ದಾರಿಯೊಂದನ್ನು ಬರೆದಿಟ್ಟುಕೊಂಡೇ ಹೊರಡಬೇಕು.

ಗೇಟು ಸಾಮಾನ್ಯವಾಗಿ ಆಟಕ್ಕೆ ಒಂದೂವರೆ-ಎರಡು ಗಂಟೆ ಮೊದಲು ತೆರೆಯುತ್ತದೆ. ಚೀಲ ಎ4 ಹಾಳೆಗಿಂತ ದೊಡ್ಡದಿದ್ದರೆ ಬಹುತೇಕ ಕಡೆ ಒಳಗೆ ಬಿಡುವುದಿಲ್ಲ. ಗಾಜಿನ ಬಾಟಲಿ, ಉದ್ದ ಹಿಡಿಯ ಕೊಡೆ ತರಲೇಬಾರದು. ಮಳೆಗೆ ಹುಡ್‌ ಇರುವ ಜಾಕೆಟ್ಟೇ ಸರಿ. ನಿಂತು ನೋಡುವ ಬ್ಲಾಕಿನಲ್ಲಿ ಜಾಗಕ್ಕೆ ನಂಬರ್‌ ಇಲ್ಲ, ಮೊದಲು ಬಂದವರಿಗೆ ಮೊದಲು. ಆಟಕ್ಕೆ ಮುಕ್ಕಾಲು ಗಂಟೆ ಇರುವಾಗ ಬಂದರೆ ಮೆಟ್ಟಿಲ ಬಾಯಲ್ಲೇ ಸಿಕ್ಕಿಹಾಕಿಕೊಂಡು ಪಕ್ಕದವರ ಭುಜದ ಸಂದಿಯಿಂದ ಅರ್ಧ ಅಂಕಣ ನೋಡಬೇಕಾಗುತ್ತದೆ. ಬ್ಲಾಕಿನೊಳಗೆ ಅಡ್ಡಡ್ಡ ನೆಟ್ಟ ಸೊಂಟದೆತ್ತರದ ಕಬ್ಬಿಣದ ಕಂಬಿಗಳಿರುತ್ತವೆ. ಅವುಗಳ ಹೆಸರೇ ‘ಅಲೆ ಒಡೆಯುವ ಕಂಬಿ’. ಗೋಲು ಬಿದ್ದಾಗ ಮೇಲಿನಿಂದ ಜನ ಒಮ್ಮೆಲೇ ಕೆಳಗೆ ನುಗ್ಗಿದರೆ ಆ ಒತ್ತಡವನ್ನು ತಡೆಯುವುದು ಅದರ ಕೆಲಸ. ಹೊಸಬರು ಕಂಬಿಯ ಮುಂದೆ, ಅದಕ್ಕೆ ಬೆನ್ನು ತಾಗಿಸಿ ನಿಲ್ಲಬೇಕು: ಹಿಂದಿನಿಂದ ಬರುವ ಒತ್ತಡವನ್ನು ಕಂಬಿ ತಡೆಯುತ್ತದೆ. ಕಂಬಿಯ ಹಿಂದೆ ಅದಕ್ಕೆ ಆತು ನಿಂತವರು ಅಲೆ ಬಂದಾಗ ಕಂಬಿಗೇ ಒತ್ತಿಹೋಗುತ್ತಾರೆ.

ಗೋಲ್‌ ಕಂಬದ ನೇರ ಹಿಂದಿನ ನಡು ಜಾಗ ಅಲ್ಟ್ರಾಗಳದು, ಅಂದರೆ ಸಂಘಟಿತ ಕಟ್ಟಾ ಅಭಿಮಾನಿಗಳದು. ಬೇಲಿ ಹತ್ತಿ ನಿಂತು ಧ್ವನಿವರ್ಧಕ ಹಿಡಿದವನನ್ನು ಕಾಪೊ ಎನ್ನುತ್ತಾರೆ. 90 ನಿಮಿಷವೂ ಅವನ ಮುಖ ಜನರ ಕಡೆಗೆ, ಬೆನ್ನು ಆಟದ ಕಡೆಗೆ. ಅಲ್ಲಿ ನಿಂತರೆ ಹಾಡಬೇಕು, ಬಾವುಟಗಳು ಕಣ್ಣಿಗೆ ಅಡ್ಡ ಬಂದರೆ ಸಹಿಸಬೇಕು, ಫೋನ್‌ ಎತ್ತಿ ಜನರ ವಿಡಿಯೊ ಮಾಡಬಾರದು. ಆಟವೂ ಕಾಣಬೇಕು, ಸದ್ದೂ ಬೇಕು ಎಂದರೆ ಅದೇ ಗ್ಯಾಲರಿಯ ಮೇಲಿನ ಎರಡು ಮೂಲೆಗಳು ಸರಿಯಾದ ಜಾಗ. ಎದುರಾಳಿ ತಂಡದ ಬಣ್ಣದ ಶಾಲು, ಅಂಗಿ ತವರಿನ ಬ್ಲಾಕಿನಲ್ಲಿ ಕೂಡದು. ನಿಯಮವೂ ಹೌದು, ಮರ್ಯಾದೆಯೂ ಹೌದು.

ತಿಂಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬನ್ನಿನೊಳಗಿನ ಸುಟ್ಟ ಸಾಸೇಜ್‌ ಆಗ ನಾಲ್ಕು ಯೂರೋ ಆಸುಪಾಸು, ಅರ್ಧ ಲೀಟರ್‌ ಬಿಯರ್‌ ಐದರ ಆಸುಪಾಸು ಇತ್ತು. ಮಾಂಸ ತಿನ್ನದವರಿಗೆ ಉಪ್ಪು ಹರಳಿನ ಬ್ರೆಟ್ಸೆಲ್‌, ಆಲೂಗಡ್ಡೆ ಫ್ರೈಸ್‌ ಎಲ್ಲ ಕಡೆ ಸಿಗುತ್ತದೆ. ಲೋಟಕ್ಕೆ ಒಂದೆರಡು ಯೂರೋ ಠೇವಣಿ ಹಿಡಿಯುತ್ತಾರೆ, ಲೋಟ ವಾಪಸ್‌ ಕೊಟ್ಟರೆ ಹಣ ವಾಪಸ್‌. ಅರ್ಧವಿರಾಮದ 15 ನಿಮಿಷ ಸರದಿಯಲ್ಲೇ ಹೋಗುತ್ತದೆ, ಹಾಗಾಗಿ 38-39ನೇ ನಿಮಿಷಕ್ಕೆ ಇಳಿಯಬೇಕು, ಇಲ್ಲವೆ ಎರಡನೇ ಅವಧಿ ಶುರುವಾದ ಐದು ನಿಮಿಷದ ಮೇಲೆ. ಗಲಾಟೆಯ ಸಾಧ್ಯತೆ ಇರುವ ಪಂದ್ಯ ಎಂದು ಪೊಲೀಸರು ಗುರುತಿಸಿದ ದಿನ ಮದ್ಯಸಾರವಿಲ್ಲದ ಬಿಯರ್‌ ಮಾತ್ರ ಕೊಡುವುದೂ ಉಂಟು.

ಆ ಸೀಸನ್ನಿನ ಟಿಕೆಟ್‌ ಕೊಂಡವರಿಗೆ ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಸಿಕ್ಕಿತು: ಪ್ರತಿಭಟನೆ. 2023ರ ಡಿಸೆಂಬರ್‌ 11ರಂದು ಮೊದಲೆರಡು ದರ್ಜೆಯ 36 ಕ್ಲಬ್ಬುಗಳು ಮತ ಹಾಕಿ, ಪ್ರಸಾರ ಹಕ್ಕಿನ ಆದಾಯದಲ್ಲಿ ಪಾಲನ್ನು ಹೂಡಿಕೆದಾರರಿಗೆ ಕೊಟ್ಟು ಸುಮಾರು 100 ಕೋಟಿ ಯೂರೋ ತರುವ ಯೋಜನೆಗೆ ಒಪ್ಪಿದವು. ಪರವಾಗಿ ಬಿದ್ದದ್ದು 24 ಮತ, ಬೇಕಿದ್ದ ಮೂರನೇ ಎರಡರಷ್ಟು ಸರಿಯಾಗಿ ಅಷ್ಟೇ. ಗುಟ್ಟಿನ ಮತದಾನದಲ್ಲಿ ಒಂದೇ ಒಂದು ಮತ ಅತ್ತಿತ್ತ ಆಗಿದ್ದರೂ ಮುಗಿಯುತ್ತಿತ್ತು. ಗ್ಯಾಲರಿಗಳು ಕೆರಳಿದವು. ಮೊದಲು ಆಟದ ಆರಂಭದ 12 ನಿಮಿಷ ಮೌನ, ಆಮೇಲೆ ಚಿನ್ನದ ಕಾಗದ ಸುತ್ತಿದ ಚಾಕೊಲೇಟ್‌ ನಾಣ್ಯಗಳು, ಫೆಬ್ರವರಿ ಹೊತ್ತಿಗೆ ಟೆನಿಸ್‌ ಚೆಂಡುಗಳು. ಚಿತ್ರ ಹೀಗಿತ್ತು: ಆಟ ನಡೆಯುತ್ತಿರುವಾಗಲೇ ಬ್ಲಾಕಿನಿಂದ ಹಳದಿ ಚೆಂಡುಗಳು ಒಂದೊಂದಾಗಿ, ಆಮೇಲೆ ರಾಶಿಯಾಗಿ ಬೀಳುತ್ತವೆ. ರೆಫರಿ ಶಿಳ್ಳೆ ಊದುತ್ತಾನೆ. ಸಿಬ್ಬಂದಿ ಬಕೆಟ್‌ ಹಿಡಿದು ಬಂದು ಬಗ್ಗಿ ಹೆಕ್ಕುತ್ತಾರೆ, ಗೋಲ್‌ಕೀಪರ್‌ ಕೂಡ ನಾಲ್ಕು ಚೆಂಡು ಒದ್ದು ಹೊರಗೆ ಹಾಕುತ್ತಾನೆ. ಅಂಕಣ ಚೊಕ್ಕಟವಾಯಿತು ಎನ್ನುವಷ್ಟರಲ್ಲಿ ಎರಡನೇ ಸುರಿಮಳೆ. ಫೆಬ್ರವರಿ 10ರ ಯೂನಿಯನ್‌–ವುಲ್ಫ್ಸ್‌ಬರ್ಗ್‌ ಪಂದ್ಯ ಬಹಳ ಹೊತ್ತು ನಿಂತಿತು. ಬೋಖುಮ್‌ ತಂಡ ಬಯರ್ನ್‌ ಅನ್ನು 3-2ರಿಂದ ಸೋಲಿಸಿದ ಫೆಬ್ರವರಿ 18ರ ಪಂದ್ಯವೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಫೆಬ್ರವರಿ 21ಕ್ಕೆ ಡಿಎಫ್‌ಎಲ್‌ ಯೋಜನೆ ಕೈಬಿಟ್ಟಿತು.

ದುಡ್ಡು ಕೊಟ್ಟು ದೂರದಿಂದ ಬಂದವರಿಗೆ ಆಟ ನಿಂತದ್ದು ನಷ್ಟವೇ. ಆದರೂ ಇದನ್ನು ದೋಷದ ಪಟ್ಟಿಗೆ ಹಾಕುವುದು ನ್ಯಾಯವಲ್ಲ. 15 ಯೂರೋ ಟಿಕೆಟ್ಟು, ನಿಂತು ನೋಡುವ ಗ್ಯಾಲರಿ, ವಾರದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದ ಸೋಮವಾರದ ಪಂದ್ಯಗಳು 2021ರಿಂದ ನಿಂತದ್ದು, ಇವೆಲ್ಲ ಉಳಿದಿರುವುದು ಇದೇ ಗಂಟಲುಗಳ ಒತ್ತಡದಿಂದ.

ನಿಜವಾದ ದೋಷ ಬೇರೆ ಇದೆ. ವಿಡಿಯೊ ರೆಫರಿ ವ್ಯವಸ್ಥೆ 2017ರಿಂದ ಇದೆ, ಕಲೋನ್‌ನ ಕೊಠಡಿಯೊಂದರಲ್ಲಿ ಕೂತು ಪರಿಶೀಲಿಸುತ್ತಾರೆ. ಗೋಲು ಬಿದ್ದು ಕುಣಿದು ಕುಪ್ಪಳಿಸಿದ ಮೇಲೆ ರೆಫರಿ ಕಿವಿಗೆ ಬೆರಳಿಟ್ಟರೆ ಇಡೀ ಗ್ಯಾಲರಿ ತಣ್ಣಗಾಗುತ್ತದೆ. ಮನೆಯಲ್ಲಿ ಟಿವಿ ನೋಡುವವರಿಗೆ ಗೆರೆ ಎಳೆದು ತೋರಿಸುತ್ತಾರೆ. ಕ್ರೀಡಾಂಗಣದಲ್ಲಿ ಇರುವವರಿಗೆ ಪರದೆಯ ಮೇಲೆ ಪರಿಶೀಲನೆ ನಡೆಯುತ್ತಿದೆ ಎಂಬ ಒಂದು ಸಾಲು. ಆಫ್‌ಸೈಡೋ, ಕೈ ತಾಗಿತೋ, ಹಿಂದೆ ಫೌಲ್‌ ಆಗಿತ್ತೋ ಗೊತ್ತಾಗುವುದಿಲ್ಲ. ರೆಫರಿಯೇ ಧ್ವನಿವರ್ಧಕದಲ್ಲಿ ಕಾರಣ ಹೇಳುವ ಪ್ರಯೋಗ ಶುರುವಾದದ್ದು 2025ರ ಫೆಬ್ರವರಿಯಲ್ಲಿ. ಆ ಸೀಸನ್ನಿನಲ್ಲಿ ಟಿಕೆಟ್‌ ಕೊಂಡವನಿಗೇ ಎಲ್ಲರಿಗಿಂತ ಕಡಿಮೆ ಮಾಹಿತಿ ಸಿಕ್ಕಿತು, ಇದಕ್ಕೆ ಕ್ಷಮೆಯಿಲ್ಲ.

ಟಿವಿಯಲ್ಲಿ ನೋಡಿದವರಿಗೆ ಜರ್ಮನಿಯಲ್ಲಿ ಎರಡು ಚಂದಾ ಬೇಕಾಗಿತ್ತು: ಶನಿವಾರದ ಪಂದ್ಯಗಳಿಗೆ ಸ್ಕೈ, ಶುಕ್ರವಾರ-ಭಾನುವಾರಕ್ಕೆ ಡಜೋನ್‌ (DAZN). ಶನಿವಾರ ಮಧ್ಯಾಹ್ನ ಒಂದೇ ಹೊತ್ತಿಗೆ ನಡೆಯುವ ಪಂದ್ಯಗಳ ನಡುವೆ ಗೋಲು ಬಿದ್ದಲ್ಲಿಗೆ ಹಾರುವ ‘ಕಾನ್ಫರೆನ್ಸ್‌’ ಪ್ರಸಾರ ಮಾತ್ರ ಬೇರೆಲ್ಲೂ ಸಿಗದಷ್ಟು ಚೆನ್ನ. ಒಂದೇ ಚಂದಾ ಸಾಕು ಎನ್ನುವವರಿಗೆ ಆಗ ಅದನ್ನು ತೋರಿಸುತ್ತಿದ್ದ ಸ್ಕೈ ಸರಿಯಾಗಿತ್ತು.

ಇನ್ನು ಆಟ. ಪಂದ್ಯಕ್ಕೆ ಸರಾಸರಿ 3.2 ಗೋಲು. 2013ರಿಂದ 2023ರವರೆಗೆ ಸತತ 11 ಸಲ ಬಯರ್ನ್‌ ಗೆದ್ದಿದ್ದ ಲೀಗಿನಲ್ಲಿ ಈ ಸಲ ಬೇಯರ್‌ ಲೆವರ್ಕುಸೆನ್‌ 28 ಗೆಲುವು, 6 ಡ್ರಾ, ಸೋಲು ಶೂನ್ಯ, 90 ಅಂಕ. ಬುಂಡೆಸ್‌ಲಿಗಾದಲ್ಲಿ ಸೋಲಿಲ್ಲದ ಸೀಸನ್‌ ಅದೇ ಮೊದಲು. ಐದು ಸಲ ಎರಡನೇ ಸ್ಥಾನಕ್ಕೆ ಬಂದು ‘ಎರಡನೇ ಕುಸೆನ್‌’ ಎಂಬ ಅರ್ಥದ ಅಡ್ಡಹೆಸರು ಹೊತ್ತಿದ್ದ ಕ್ಲಬ್ಬು ಅದು. 2022ರ ಅಕ್ಟೋಬರ್‌ನಲ್ಲಿ ಷಾಬಿ ಅಲೊನ್ಸೊ ಬಂದಾಗ ತಂಡ 17ನೇ ಸ್ಥಾನದಲ್ಲಿತ್ತು. ಮೂವರು ಡಿಫೆಂಡರ್‌ಗಳು, ಎರಡು ಬದಿಯಲ್ಲಿ ಗ್ರಿಮಾಲ್ಡೊ ಮತ್ತು ಫ್ರಿಂಪಾಂಗ್‌ ಗೆರೆಯಿಂದ ಗೆರೆಗೆ ಓಡುವುದು, ನಡುವೆ ಷಾಕಾ ಚೆಂಡು ಹಂಚುವುದು, ಮುಂದೆ ಫ್ಲೋರಿಯಾನ್‌ ವಿರ್ಟ್ಸ್‌ ಇಕ್ಕಟ್ಟಿನಲ್ಲಿ ತಿರುಗುವುದು. ಫೆಬ್ರವರಿ 10ರಂದು ಬಯರ್ನ್‌ ಅನ್ನು 3-0 ಸೋಲಿಸಿದಾಗ ಈ ಬದಿಯ ಓಟಗಾರರಿಬ್ಬರೂ ಗೋಲು ಹೊಡೆದರು. ಕೊನೆಯ ಗೋಲಿನ ಹೊತ್ತಿಗೆ ಬಯರ್ನ್‌ನ ಗೋಲ್‌ಕೀಪರ್‌ ಕಾರ್ನರ್‌ಗೆಂದು ಮುಂದೆ ಹೋಗಿದ್ದ, ಫ್ರಿಂಪಾಂಗ್‌ ದೂರದಿಂದಲೇ ಖಾಲಿ ಗೋಲಿಗೆ ಕಳಿಸಿದ.

ಗ್ಯಾಲರಿಯವರಿಗೆ ಈ ತಂಡ ಕಲಿಸಿದ್ದು ಬೇಗ ಎದ್ದು ಹೋಗಬಾರದು ಎಂಬುದು. ಔಗ್ಸ್‌ಬರ್ಗ್‌ನಲ್ಲಿ 94ನೇ ನಿಮಿಷ ಪಲಾಸಿಯೋಸ್‌, ಲೈಪ್‌ಜಿಗ್‌ನಲ್ಲಿ 91ನೇ ನಿಮಿಷ ಇನ್‌ಕಾಪಿಯೆ, ಡಾರ್ಟ್‌ಮಂಡ್‌ನಲ್ಲಿ 97ನೇ ನಿಮಿಷ ಸ್ಟಾನಿಸಿಚ್‌, ಸ್ಟುಟ್‌ಗಾರ್ಟ್‌ ಎದುರು 96ನೇ ನಿಮಿಷ ಆಂಡ್ರಿಶ್‌. ಮರಳುವ ರೈಲನ್ನು ಕಾದಿರಿಸುವಾಗ ಆಟಕ್ಕೆ ಎರಡು ಗಂಟೆ, ಹೊರಬರಲು ಮತ್ತು ನಿಲ್ದಾಣಕ್ಕೆ ಕನಿಷ್ಠ ಒಂದು ಗಂಟೆ ಎಂದು ಲೆಕ್ಕ ಹಾಕಿ. ಏಪ್ರಿಲ್‌ 14ರಂದು ಬ್ರೆಮೆನ್‌ ಎದುರು 5-0 ಗೆದ್ದು ಐದು ಸುತ್ತು ಬಾಕಿ ಇರುವಾಗಲೇ ಪ್ರಶಸ್ತಿ ಖಚಿತಪಡಿಸಿಕೊಂಡ ದಿನ ಈ ಲೆಕ್ಕವೂ ಸಾಲಲಿಲ್ಲ. ವಿರ್ಟ್ಸ್‌ 90ನೇ ನಿಮಿಷಕ್ಕೆ ತನ್ನ ಮೂರನೇ ಗೋಲು ಹೊಡೆಯುತ್ತಲೇ ಜನ ಬೇಲಿ ಹಾರಿ ಅಂಕಣ ತುಂಬಿದರು, ಆಟ ಅಲ್ಲಿಗೇ ಮುಗಿಯಿತು. ಬೇಅರೀನಾ 30,210 ಜಾಗದ ಸಣ್ಣ ಕ್ರೀಡಾಂಗಣ. ಲೆವರ್ಕುಸೆನ್‌ ಮಿಟ್ಟೆ ನಿಲ್ದಾಣದಿಂದ ಉದ್ಯಾನದ ದಾರಿ ಹಿಡಿದು 20 ನಿಮಿಷ ನಡಿಗೆ.

ಲೆವರ್ಕುಸೆನ್‌ ಒಂದನ್ನೇ ನೋಡಿದವರು ಈ ಸೀಸನ್ನಿನ ಅರ್ಧ ರುಚಿ ಮಾತ್ರ ಕಂಡಂತೆ. ಹಿಂದಿನ ವರ್ಷ 16ನೇ ಸ್ಥಾನದಲ್ಲಿ ಮುಗಿಸಿ ಪ್ಲೇಆಫ್‌ ಗೆದ್ದು ಉಳಿದಿದ್ದ ಸ್ಟುಟ್‌ಗಾರ್ಟ್‌ ಈ ಸಲ 73 ಅಂಕದೊಂದಿಗೆ ಎರಡನೆಯದು, ಬಯರ್ನ್‌ಗಿಂತ ಒಂದು ಅಂಕ ಮೇಲೆ. ಗಿರಾಸಿ 28 ಗೋಲು, ಉಂಡಾವ್‌ 18. ಬಯರ್ನ್‌ಗೆ ಬಂದ ಮೊದಲ ವರ್ಷವೇ ಹ್ಯಾರಿ ಕೇನ್‌ 36 ಗೋಲು ಹೊಡೆದೂ ಪ್ರಶಸ್ತಿ ಸಿಗಲಿಲ್ಲ. ಹೈಡೆನ್‌ಹೈಮ್‌ ಏಪ್ರಿಲ್‌ನಲ್ಲಿ 0-2 ಹಿಂದಿದ್ದೂ ಬಯರ್ನ್‌ ಅನ್ನು 3-2 ಸೋಲಿಸಿ, ಎಂಟನೇ ಸ್ಥಾನಕ್ಕೆ ಬಂತು. ಡಾರ್ಮ್‌ಸ್ಟಾಟ್‌ಗೆ ಮಾತ್ರ ಇದು ಕಹಿ: ಒಟ್ಟು 17 ಅಂಕ, ಮ್ಯೂನಿಕ್‌ನಲ್ಲಿ ಅರ್ಧವಿರಾಮದವರೆಗೆ 0-0 ಇದ್ದದ್ದು ಕೊನೆಗೆ 0-8.

ಇಡೀ ಸೀಸನ್ನಿನಲ್ಲಿ ಒಂದೇ ಪಂದ್ಯಕ್ಕೆ ದುಡ್ಡಿದೆ ಎನ್ನುವವರಿಗೆ ಪ್ರಶಸ್ತಿಯ ಪಂದ್ಯಕ್ಕಿಂತ ಕೊನೆಯ ಸುತ್ತಿನಲ್ಲಿ ಕೆಳಗಿನ ತಂಡವೊಂದರ ತವರಿನ ಪಂದ್ಯ ಹೇಳುವುದು ಉತ್ತಮ. 34ನೇ ಸುತ್ತಿನ ಒಂಬತ್ತೂ ಪಂದ್ಯ ಶನಿವಾರ 3.30ಕ್ಕೇ ಶುರು, ದಿನಾಂಕದ ಗೊಂದಲವೇ ಇಲ್ಲ. ಕೊನೆಯ ಎರಡು ತಂಡ ನೇರ ಹಿಂಬಡ್ತಿ, 16ನೆಯದು ಎರಡನೇ ದರ್ಜೆಯ ಮೂರನೇ ತಂಡದ ಜೊತೆ ಎರಡು ಪಂದ್ಯದ ಪ್ಲೇಆಫ್‌.

2024ರ ಮೇ 18ರಂದು ಬರ್ಲಿನ್‌ನ ಕೋಪೆನಿಕ್‌ನಲ್ಲಿ ನಡೆದದ್ದು ಹೀಗೆ. ಯೂನಿಯನ್‌ ಕ್ರೀಡಾಂಗಣದ 22,012 ಜಾಗಗಳಲ್ಲಿ ಸೀಟು ಇರುವುದು 3,617 ಮಾತ್ರ, ಉಳಿದವರೆಲ್ಲ ನಿಂತೇ ನೋಡುವುದು. 2008-09ರಲ್ಲಿ ಅದನ್ನು ಹೊಸದಾಗಿ ಕಟ್ಟಿದಾಗ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಸಿಮೆಂಟು ಕಲಸಿದ್ದರು, ಕಲ್ಲು ಹೊತ್ತಿದ್ದರು. ಮೂಲೆಯ ಗೂಡಿನಲ್ಲಿ ಅಂಕೆಯ ಹಲಗೆಯನ್ನು ಈಗಲೂ ಕೈಯಿಂದಲೇ ಬದಲಿಸುತ್ತಾರೆ. ಎದುರಾಳಿ ಫ್ರೈಬರ್ಗ್‌, 12 ವರ್ಷ ಆ ತಂಡವನ್ನು ನಡೆಸಿದ ಕ್ರಿಶ್ಚಿಯನ್‌ ಸ್ಟ್ರೈಶ್‌ ಅವರ ಕೊನೆಯ ಪಂದ್ಯ. 1-1 ಆಗಿ ಹೆಚ್ಚುವರಿ ಸಮಯ ಓಡುತ್ತಿದೆ, ಬೇರೆ ಊರುಗಳ ಫಲಿತಾಂಶ ಫೋನಿನಿಂದ ಫೋನಿಗೆ ದಾಟುತ್ತಿದೆ. ಯೂನಿಯನ್‌ಗೆ ಪೆನಾಲ್ಟಿ ಸಿಕ್ಕಿತು. ಫೋಲಾಂಡ್‌ ಹೊಡೆದದ್ದು ಕಂಬಕ್ಕೆ ಬಡಿದು ಹಿಂದೆ ಬಂತು. ಓಡಿ ಬಂದ ಯಾನಿಕ್‌ ಹಾಬೆರೆರ್‌ ಅದನ್ನು ಒಳಗೆ ತಳ್ಳಿದ. 2-1. ಗೂಡಿನಲ್ಲಿದ್ದವರು ಒಂದರ ಹಲಗೆ ತೆಗೆದು ಎರಡರದನ್ನು ಸಿಕ್ಕಿಸಿದರು. ಯೂನಿಯನ್‌ ಲೀಗಿನಲ್ಲಿ ಉಳಿಯಿತು, ಬೋಖುಮ್‌ ಬ್ರೆಮೆನ್‌ನಲ್ಲಿ 1-4 ಸೋತು 16ನೇ ಸ್ಥಾನಕ್ಕೆ ಜಾರಿತು. ಪ್ಲೇಆಫ್‌ನಲ್ಲಿ ಡ್ಯುಸೆಲ್‌ಡಾರ್ಫ್‌ ಎದುರು ತವರಿನಲ್ಲಿ 0-3 ಸೋತು, ಹೊರಗೆ 3-0 ಗೆದ್ದು, ಪೆನಾಲ್ಟಿಯಲ್ಲಿ ಉಳಿದುಕೊಂಡಿತು. ಕೋಪೆನಿಕ್‌ ನಿಲ್ದಾಣಕ್ಕೆ ಕಾಡಿನಂಚಿನ ದಾರಿಯಲ್ಲಿ ನಡೆದೇ ಹೋಗಬಹುದು. ಪಂದ್ಯ ಮುಗಿದ ಕೂಡಲೇ ಎಸ್‌3 ರೈಲಿನ ಪ್ಲಾಟ್‌ಫಾರ್ಮ್‌ ತುಂಬಿ ತುಳುಕುತ್ತದೆ, ಅರ್ಧ ಗಂಟೆ ಅಲ್ಲೇ ಬ್ಲಾಕಿನಲ್ಲಿ ನಿಂತು ಲೋಟದ ಠೇವಣಿ ವಾಪಸ್‌ ಪಡೆದು ಹೊರಟರೆ ಸರಿಹೋಗುತ್ತದೆ.